ಕಲ್ಲುಕುಟಿಗನಿಗೆ ಕೊಟ್ಟ ಸ್ವಾತಂತ್ರ್ಯ: ಜಾನ್ ರಸ್ಕಿನ್ ಮತ್ತು ಆಕ್ಸ್‌ಫರ್ಡ್ ಮ್ಯೂಸಿಯಂ ಪ್ರಕರಣ

1854ರ ಡಿಸೆಂಬರ್‌ನಲ್ಲಿ ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪದವೀಧರರ ಮಹಾಸಭೆ ಹೊಸ ವಿಜ್ಞಾನ ಮ್ಯೂಸಿಯಂ ಕಟ್ಟಡದ ನಕ್ಷೆಯನ್ನು ಮತಕ್ಕೆ ಹಾಕಿತು. ಪರವಾಗಿ 68, ವಿರೋಧವಾಗಿ 64. ನಾಲ್ಕೇ ಮತಗಳಿಂದ ಗಾಥಿಕ್ ಶೈಲಿಯ, ಅಂದರೆ ಮಧ್ಯಯುಗದ ಯುರೋಪಿನ ಚೂಪು ಕಮಾನುಗಳ ಶೈಲಿಯ, ನಕ್ಷೆ ಗೆದ್ದಿತು. ತಂತಿಯಲ್ಲಿ ಸುದ್ದಿ ತಿಳಿದ ಜಾನ್ ರಸ್ಕಿನ್ ತನ್ನ ಗೆಳೆಯ ಹೆನ್ರಿ ಆಕ್ಲೆಂಡ್‌ಗೆ ಕೂಡಲೇ ಬರೆದ: ದೇವರಿಗೆ ವಂದಿಸಿ ಮಲಗಿ ನಿದ್ದೆ ಮಾಡುತ್ತೇನೆ, ಇದು ನಿನಗೂ ನನಗೂ ಬಹಳ ದೊಡ್ಡ ವಿಷಯ.

ಆಗ ರಸ್ಕಿನ್‌ಗೆ 35 ವರ್ಷ. ಇಂಗ್ಲೆಂಡಿನ ಕಲಾ ವಿಮರ್ಶಕರಲ್ಲಿ ಅವನಷ್ಟು ಓದುಗರಿದ್ದವರು ಇಲ್ಲವೆಂದೇ ಹೇಳಬೇಕು. ಹಾಗಿದ್ದೂ ವಿಶ್ವವಿದ್ಯಾಲಯದ ಒಂದು ಕಟ್ಟಡ ಯಾವ ಶೈಲಿಯಲ್ಲಿರಬೇಕು ಎಂಬ ತೀರ್ಮಾನಕ್ಕೆ ಅವನು ದೇವರನ್ನು ನೆನೆದ. ಆ ಸಮಾಧಾನಕ್ಕೆ ಕಾರಣ ಹುಡುಕುತ್ತಾ ಹೋದರೆ ಕಮಾನಿನ ಆಕಾರಕ್ಕಿಂತ ಆಳದ ಒಂದು ಪ್ರಶ್ನೆ ಸಿಗುತ್ತದೆ: ಕೂಲಿಗೆ ದುಡಿಯುವ ಕೆಲಸಗಾರನಿಗೆ ಕೆಲಸದಲ್ಲಿ ತನ್ನದೇ ಬುದ್ಧಿ ಓಡಿಸುವ ಹಕ್ಕು ಇದೆಯೇ? ರಸ್ಕಿನ್ ಬರಹಗಳ ಸಮಗ್ರ ಆವೃತ್ತಿ 39 ಸಂಪುಟಗಳಷ್ಟಿದೆ. ಅಷ್ಟನ್ನೂ ಹೊಕ್ಕು ಅವನನ್ನು ಅಳೆಯುವುದಕ್ಕಿಂತ, ಅವನ ವಿಚಾರ ಪುಸ್ತಕದಿಂದ ಇಳಿದು ಕಲ್ಲು, ಇಟ್ಟಿಗೆ, ಕಬ್ಬಿಣ, ಸಂಬಳದ ಪಟ್ಟಿಗಳ ನಡುವೆ ಸಿಕ್ಕಿಕೊಂಡ ಈ ಒಂದು ಪ್ರಕರಣವನ್ನು ಹತ್ತಿರದಿಂದ ನೋಡುವುದು ಹೆಚ್ಚು ಉಪಯುಕ್ತ ಎಂದು ನನ್ನ ನಂಬಿಕೆ.

ರಸ್ಕಿನ್ ಅಲ್ಲಿಗೆ ಬಂದ ದಾರಿ

1819ರ ಫೆಬ್ರವರಿ 8ರಂದು ಲಂಡನ್‌ನಲ್ಲಿ ಹುಟ್ಟಿದ ಅವನು ಶೆರ್ರಿ ದ್ರಾಕ್ಷಾರಸದ ಶ್ರೀಮಂತ ವರ್ತಕ ಜಾನ್ ಜೇಮ್ಸ್ ರಸ್ಕಿನ್‌ನ ಒಬ್ಬನೇ ಮಗ. ತಾಯಿ ಮಾರ್ಗರೆಟ್ ಕಟ್ಟಾ ದೈವಭಕ್ತೆ. ಮಗನಿಗೆ ದಿನವೂ ಬೈಬಲ್ ಓದಿಸಿ, ಅಧ್ಯಾಯಗಳನ್ನು ಬಾಯಿಪಾಠ ಮಾಡಿಸಿ ಬೆಳೆಸಿದಳು. ಅವನ ಗದ್ಯದ ಗಾಂಭೀರ್ಯಕ್ಕೂ ಉದ್ದುದ್ದ ವಾಕ್ಯಗಳ ಲಯಕ್ಕೂ ಮೂಲ ಅಲ್ಲಿದೆ. ಮಗ ಆಕ್ಸ್‌ಫರ್ಡಿನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದಾಗ ತಾಯಿಯೂ ಜೊತೆಗೆ ಹೋಗಿ ಊರಿನಲ್ಲೇ ಬಾಡಿಗೆ ಮನೆ ಹಿಡಿದಳು. ಮುಂದೆ ವೈದ್ಯನಾದ ಆಕ್ಲೆಂಡ್ ಅವನಿಗೆ ಗೆಳೆಯನಾದದ್ದು ಆ ಕಾಲೇಜಿನಲ್ಲಿ.

1843ರಲ್ಲಿ, ಇನ್ನೂ 24ರ ಹರೆಯದಲ್ಲಿ, ಚಿತ್ರಕಾರ ಟರ್ನರ್‌ನನ್ನು ಸಮರ್ಥಿಸಿ ಬರೆದ 'ಮಾಡರ್ನ್ ಪೇಂಟರ್ಸ್' ಮೊದಲ ಸಂಪುಟ ಬಂತು. 1849ರಲ್ಲಿ 'ದಿ ಸೆವೆನ್ ಲ್ಯಾಂಪ್ಸ್ ಆಫ್ ಆರ್ಕಿಟೆಕ್ಚರ್'. 1851ರಿಂದ 1853ರವರೆಗೆ ಮೂರು ಸಂಪುಟಗಳಲ್ಲಿ 'ದಿ ಸ್ಟೋನ್ಸ್ ಆಫ್ ವೆನಿಸ್'. ಇದಕ್ಕಾಗಿ ಅವನು ವೆನಿಸ್ ನಗರದ ಕಟ್ಟಡಗಳ ಮೇಲೆ ಏಣಿ ಹಾಕಿ ಹತ್ತಿ, ಕಂಬ ಕಮಾನುಗಳನ್ನು ಟೇಪು ಹಿಡಿದು ಅಳೆದು, ಬೋದಿಗೆಗಳಲ್ಲಿ, ಅಂದರೆ ಕಂಬದ ತಲೆಯ ಕಲ್ಲುಗಳಲ್ಲಿ, ಕೆತ್ತಿದ ಎಲೆಗಳನ್ನು ಒಂದೊಂದಾಗಿ ಬರೆದುಕೊಂಡ.

ಮೂರು ಸಂಪುಟಗಳಲ್ಲಿ ಎರಡನೆಯದರಲ್ಲಿ 'ಗಾಥಿಕ್‌ನ ಸ್ವಭಾವ' ಎಂಬ ಅಧ್ಯಾಯವಿದೆ. ಇಡೀ ಪ್ರಕರಣದ ಬೀಜ ಅದು. ಗ್ರೀಕ್, ಈಜಿಪ್ಟಿನ ಅಲಂಕಾರದಲ್ಲಿ ಕೆಲಸಗಾರ ಗುಲಾಮ: ಯಜಮಾನ ಕೊಟ್ಟ ಸರಳ ಆಕಾರವನ್ನು ತಪ್ಪಿಲ್ಲದೆ ಮತ್ತೆ ಮತ್ತೆ ಕೆತ್ತುವುದಷ್ಟೇ ಅವನ ಪಾಲು. ಮಧ್ಯಯುಗದ ಗಾಥಿಕ್‌ನಲ್ಲಿ ಹಾಗಲ್ಲ. ಅಲ್ಲಿ ಸಾಮಾನ್ಯ ಕಲ್ಲುಕುಟಿಗನಿಗೂ ಎಲೆಯೊಂದನ್ನು ತನಗೆ ಕಂಡಂತೆ ಕೆತ್ತಲು ಬಿಟ್ಟಿದ್ದರು. ಆದ್ದರಿಂದ ಅದರಲ್ಲಿ ಒರಟುತನವಿದೆ, ಅಳತೆ ತಪ್ಪಿದೆ, ಒಂದು ಬೋದಿಗೆಯಂತೆ ಇನ್ನೊಂದಿಲ್ಲ. ಆ ಒರಟುತನವೇ ಒಬ್ಬ ಸ್ವತಂತ್ರ ಮನುಷ್ಯ ಅಲ್ಲಿ ಕೆಲಸ ಮಾಡಿದ್ದ ಎನ್ನುವುದಕ್ಕೆ ಸಾಕ್ಷಿ ಎಂದು ರಸ್ಕಿನ್ ವಾದಿಸಿದ. ಗುಂಡುಸೂಜಿ ಕಾರ್ಖಾನೆಗಳಲ್ಲಿ ಕೆಲಸವನ್ನು ಚೂರು ಚೂರಾಗಿ ಹಂಚುವುದನ್ನು ಅರ್ಥಶಾಸ್ತ್ರಜ್ಞರು ಕೊಂಡಾಡುತ್ತಿದ್ದರು. ಅಲ್ಲಿ ವಿಭಜನೆಯಾಗುತ್ತಿರುವುದು ಕೆಲಸವಲ್ಲ, ಮನುಷ್ಯರು ಎಂದು ಅವನು ಬರೆದ. 1854ರಲ್ಲಿ ಲಂಡನ್‌ನಲ್ಲಿ ಕೆಲಸಗಾರರಿಗಾಗಿ ವರ್ಕಿಂಗ್ ಮೆನ್ಸ್ ಕಾಲೇಜು ಶುರುವಾದಾಗ ಈ ಅಧ್ಯಾಯವನ್ನೇ ಕಿರುಹೊತ್ತಗೆಯಾಗಿ ಅಚ್ಚುಹಾಕಿ ಬಂದವರಿಗೆ ಹಂಚಿದರು. ರಸ್ಕಿನ್ ಅಲ್ಲಿ ಚಿತ್ರ ಬರೆಯುವುದನ್ನು ಕಲಿಸಿದ.

ಬರೆದದ್ದಾಯಿತು, ಕಲಿಸಿದ್ದೂ ಆಯಿತು. ಆ ಮಾತನ್ನು ನಿಜವಾದ ಕಟ್ಟಡದಲ್ಲಿ ಮಾಡಿ ತೋರಿಸುವ ಅವಕಾಶ ಮಾತ್ರ ಅವನಿಗೆ ಸಿಕ್ಕಿರಲಿಲ್ಲ.

ಕಟ್ಟಡ, ಹಣ, ಮತ್ತು ಹಣ ಬಾರದ ಜಾಗ

ಆಕ್ಸ್‌ಫರ್ಡಿನಲ್ಲಿ ವಿಜ್ಞಾನಕ್ಕೆ ಆಗ ಸ್ವಂತ ಮನೆಯಿರಲಿಲ್ಲ. ಖನಿಜ, ಅಸ್ಥಿಪಂಜರ, ಕೀಟಗಳ ಸಂಗ್ರಹಗಳು ಬೇರೆ ಬೇರೆ ಕಟ್ಟಡಗಳ ಮೂಲೆಗಳಲ್ಲಿ ಹರಡಿದ್ದವು. 1850ರಲ್ಲಿ ನಿಸರ್ಗ ವಿಜ್ಞಾನದಲ್ಲಿ ಆನರ್ಸ್ ಪದವಿ ಬಂದ ಮೇಲೆ ಪಾಠ, ಪ್ರಯೋಗ, ಸಂಗ್ರಹ ಎಲ್ಲವೂ ಒಂದೇ ಸೂರಿನಡಿ ಇರಬೇಕೆಂದು ಆಕ್ಲೆಂಡ್ ಪಟ್ಟುಹಿಡಿದ. 1854ರಲ್ಲಿ ಊರಿಗೆ ಕಾಲರಾ ಬಂದಾಗ ಅದನ್ನು ಎದುರಿಸಿದ ವೈದ್ಯನೂ ಅವನೇ. ಊರವರಲ್ಲಿ ಅವನ ಮಾತಿಗೆ ಬೆಲೆಯಿತ್ತು. ಗ್ರೀಕ್, ಲ್ಯಾಟಿನ್ ಮತ್ತು ದೇವಶಾಸ್ತ್ರವೇ ವಿದ್ಯೆ ಎಂದು ನಂಬಿದ್ದ ಹಳೆಯ ಪಾದ್ರಿಗಳ ವಿರೋಧ ಬಲವಾಗಿಯೇ ಇತ್ತು. ಆಕ್ಲೆಂಡ್‌ನ ಉತ್ತರ ಸರಳ: ಪ್ರಕೃತಿಯನ್ನು ಓದುವುದು ದೇವರ ಎರಡನೆಯ ಪುಸ್ತಕವನ್ನು ಓದಿದಂತೆ. ರಸ್ಕಿನ್‌ನ ನಂಬಿಕೆಯೂ ಆಗ ಅದೇ ಆಗಿತ್ತು.

ಗೆದ್ದ ನಕ್ಷೆ ಡಬ್ಲಿನ್‌ನ ಡೀನ್ ಮತ್ತು ವುಡ್‌ವರ್ಡ್ ಸಂಸ್ಥೆಯದು. ಅದರ ಜೀವಾಳ ಬೆಂಜಮಿನ್ ವುಡ್‌ವರ್ಡ್. ಮಿತಭಾಷಿ, ಕ್ಷಯರೋಗಿ, ರಸ್ಕಿನ್ ಪುಸ್ತಕಗಳನ್ನು ಮನಸ್ಸಿಟ್ಟು ಓದಿದವನು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ಅವನು ಆಗಲೇ ಕಟ್ಟುತ್ತಿದ್ದ ಮ್ಯೂಸಿಯಂ ಕಟ್ಟಡದಲ್ಲಿ ಕೆತ್ತನೆಗಾರರಿಗೆ ಬೋದಿಗೆಗಳನ್ನು ತಾವೇ ರೂಪಿಸುವ ಅವಕಾಶ ಕೊಟ್ಟಿದ್ದ.

1855ರ ಜೂನ್ 20ರಂದು ಕುಲಪತಿ ಲಾರ್ಡ್ ಡರ್ಬಿ ಅಡಿಗಲ್ಲಿಟ್ಟ. ಹಣ ಬಂದದ್ದು ವಿಶ್ವವಿದ್ಯಾಲಯದ ಮುದ್ರಣಾಲಯದ ಮಿಗುತೆಯಿಂದ. ಅದು ಬಹುಪಾಲು ಬೈಬಲ್ ಮಾರಾಟದ ಲಾಭ. ಸುಮಾರು 30,000 ಪೌಂಡ್. ಈ ಮೊತ್ತದಿಂದ ವಿಶ್ವವಿದ್ಯಾಲಯ ಒಪ್ಪಿದ್ದು ಕಟ್ಟಡದ ಒಡಲಿಗೆ ಮಾತ್ರ: ಗೋಡೆ, ಸೂರು, ನೆಲ, ಕೋಣೆಗಳು. ಕಿಟಕಿಗಳ ಸುತ್ತಲಿನ ಕೆತ್ತನೆ, ಬೋದಿಗೆಗಳು, ಪ್ರತಿಮೆಗಳು, ಬಾಗಿಲ ಮುಂದಿನ ಮುಖಮಂಟಪ ಇವೆಲ್ಲಕ್ಕೂ ಚಂದಾ ಎತ್ತಬೇಕಾಯಿತು.

ಪ್ರಕರಣದ ಗಂಟು ಇಲ್ಲೇ ಇದೆ. ರಸ್ಕಿನ್‌ನ ದೃಷ್ಟಿಯಲ್ಲಿ ಕೆತ್ತನೆಯೇ ಕಟ್ಟಡದ ಆತ್ಮ. ಕೆಲಸಗಾರನ ಮನಸ್ಸು ಕಾಣುವುದು ಅಲ್ಲೇ. ಅದನ್ನೇ ವಿಶ್ವವಿದ್ಯಾಲಯ ಲೆಕ್ಕದ ಪುಸ್ತಕದಿಂದ ಹೊರಗಿಟ್ಟಿತು. ಗೋಡೆ ಕಟ್ಟುವವನ ಕೂಲಿ ಗುತ್ತಿಗೆಯಲ್ಲಿ ಭದ್ರವಾಗಿತ್ತು, ಗೋಡೆಗೆ ಹೂವು ಕೆತ್ತುವವನ ಕೂಲಿ ದಾನಿಗಳ ಮರ್ಜಿಗೆ ಬಿಟ್ಟದ್ದು. ಕೆತ್ತನೆಗಾರನ ಸ್ವಾತಂತ್ರ್ಯಕ್ಕೆ ಏನು ಗತಿಯಾಗಬಹುದು ಎನ್ನುವುದು ಆ ದಿನವೇ ಅರ್ಧ ತೀರ್ಮಾನವಾಗಿತ್ತು ಎಂದು ನನಗೆ ತೋರುತ್ತದೆ.

ಆದರೂ ಮೊದಲ ವರ್ಷಗಳ ಉತ್ಸಾಹ ದೊಡ್ಡದು. ರಸ್ಕಿನ್ ತನ್ನ ಮತ್ತು ತಂದೆಯ ಕೈಯಿಂದ ಹಣ ಕೊಟ್ಟ. ಮುಂಭಾಗದ ಕಿಟಕಿಯೊಂದಕ್ಕೆ ತಾನೇ ವಿನ್ಯಾಸ ಬರೆದ. ವಿಕ್ಟೋರಿಯಾ ರಾಣಿ ಐದು ಪ್ರತಿಮೆಗಳಿಗೆ ಹಣ ನೀಡಿದಳು. ಥಾಮಸ್ ವೂಲ್ನರ್ ಬೇಕನ್‌ನನ್ನೂ, ಅಲೆಕ್ಸಾಂಡರ್ ಮನ್ರೋ ಗೆಲಿಲಿಯೋ ಮತ್ತು ನ್ಯೂಟನ್‌ರನ್ನೂ ಕೆತ್ತಿದರು. ಇವರೆಲ್ಲ ಪ್ರೀ-ರಾಫೆಲೈಟ್ ಎಂಬ, ಪ್ರಕೃತಿಯನ್ನು ಇದ್ದಂತೆ ಬರೆಯಬೇಕೆಂದ ಯುವ ಚಿತ್ರಕಾರರ ಬಳಗದ ಶಿಲ್ಪಿಗಳು. ಕೆಲಸಗಾರರಿಗೆ ಕಟ್ಟಡದ ಪಕ್ಕದಲ್ಲೇ ಊಟದ ಮನೆ, ಓದುವ ಕೋಣೆ ಇದ್ದವು. 1856ರಲ್ಲಿ ರಸ್ಕಿನ್ ಅವರೆದುರು ನಿಂತು ಮಾತನಾಡಿದ. ಇಟ್ಟಿಗೆಯ ಕಂಬವೊಂದನ್ನು ತನ್ನ ಕೈಯಿಂದಲೇ ಕಟ್ಟಿದನೆಂದೂ, ಆಮೇಲೆ ಮೇಸ್ತ್ರಿಗಳು ಅದನ್ನು ಬಿಚ್ಚಿ ಮತ್ತೆ ಕಟ್ಟಬೇಕಾಯಿತೆಂದೂ ಆಕ್ಸ್‌ಫರ್ಡಿನಲ್ಲಿ ಹೇಳಿಕೆಯಿದೆ. ಕೈಕೆಲಸದ ಘನತೆಯ ಬಗ್ಗೆ ಬರೆಯುವವನು ಕರಣೆ ಹಿಡಿದು ನೋಡಲೇಬೇಕು ಎಂಬ ಹಟ ಅವನದು. 1874ರಲ್ಲಿ ಹಿಂಕ್ಸಿ ಎಂಬ ಹಳ್ಳಿಯ ಕೆಸರು ದಾರಿಯನ್ನು ರಿಪೇರಿ ಮಾಡಲು ವಿದ್ಯಾರ್ಥಿಗಳ ಕೈಗೆ ಗುದ್ದಲಿ ಕೊಟ್ಟಾಗಲೂ ಅದೇ ಹಟ ಕಾಣುತ್ತದೆ. ಆ ಗುಂಪಿನಲ್ಲಿ ಆಸ್ಕರ್ ವೈಲ್ಡ್, ಆರ್ನಾಲ್ಡ್ ಟಾಯ್ನ್‌ಬಿ ಇದ್ದರು.

ಓಶೇ ಸಹೋದರರು

ಐರ್ಲೆಂಡಿನ ಕಾರ್ಕ್ ಜಿಲ್ಲೆಯಿಂದ ಬಂದ ಜೇಮ್ಸ್ ಓಶೇ, ಅವನ ಸಹೋದರ ಜಾನ್, ಅವರ ಬಂಧು ಎಡ್ವರ್ಡ್ ವೀಲನ್. ಡಬ್ಲಿನ್ನಿನ ಕಟ್ಟಡದಲ್ಲಿ ಕೆತ್ತಿದ್ದ ಇವರನ್ನು ವುಡ್‌ವರ್ಡ್ ಆಕ್ಸ್‌ಫರ್ಡಿಗೆ ಕರೆತಂದ. ಇಡೀ ಪ್ರಕರಣದ ನಾಯಕರು ಇವರೇ. ರಸ್ಕಿನ್ ಹೆಸರಿನ ನೆರಳಲ್ಲಿ ಇವರು ಮರೆಯಾಗಬಾರದು.

ಇವರ ಕೆಲಸದ ಕ್ರಮ ಕೇಳಿದರೆ ಇಂದಿಗೂ ಸಂತೋಷವಾಗುತ್ತದೆ. ಬೆಳಿಗ್ಗೆ ವಿಶ್ವವಿದ್ಯಾಲಯದ ಸಸ್ಯೋದ್ಯಾನದಿಂದ ಬೇರು ಎಲೆ ಸಮೇತ ತಾಜಾ ಗಿಡಗಳು ಬರುತ್ತಿದ್ದವು. ಅವನ್ನು ಕಣ್ಣೆದುರು ಇಟ್ಟುಕೊಂಡು ಓಶೇಗಳು ನೇರವಾಗಿ ಕಲ್ಲಿಗೆ ಉಳಿ ಹಚ್ಚುತ್ತಿದ್ದರು. ಜರೀಗಿಡ, ಲಿಲ್ಲಿ, ತಾಳೆ, ಜೊಂಡು. ಎಲೆಗಳ ನಡುವೆ ಹಕ್ಕಿ, ಹಲ್ಲಿ, ಬೆಕ್ಕು. ಒಂದರಂತೆ ಇನ್ನೊಂದಿಲ್ಲ. ಕಟ್ಟಡದ ನಡುವಿನ ಅಂಗಳದ ಸುತ್ತಿನ ಕಂಬಗಳನ್ನು ಆರಿಸಿದವನು ಭೂವಿಜ್ಞಾನಿ ಜಾನ್ ಫಿಲಿಪ್ಸ್. ಪ್ರತಿ ಕಂಬವೂ ಬ್ರಿಟಿಷ್ ದ್ವೀಪಗಳ ಬೇರೆ ಬೇರೆ ಗಣಿಯ ಬೇರೆ ಬೇರೆ ಕಲ್ಲು. ಹೀಗಾಗಿ ಕಂಬ ಭೂವಿಜ್ಞಾನದ ಪಾಠವಾಯಿತು, ಮೇಲಿನ ಬೋದಿಗೆ ಸಸ್ಯಶಾಸ್ತ್ರದ ಪಾಠವಾಯಿತು. ಪಾಠವೂ ಅಲಂಕಾರವೂ ಹೀಗೆ ಒಂದೇ ಆದ ಕಟ್ಟಡ ಆ ಶತಮಾನದ ಇಂಗ್ಲೆಂಡಿನಲ್ಲಿ ಇನ್ನೊಂದಿಲ್ಲವೆಂದೇ ನನ್ನ ಎಣಿಕೆ.

ಆಮೇಲೆ ಜಗಳ ಬಂತು. ಆಕ್ಲೆಂಡ್ ಮುಂದೆ ನೆನಪಿಸಿಕೊಂಡು ಹೇಳಿದ ಪ್ರಕಾರ, ಓಶೇ ಕಿಟಕಿಯೊಂದಕ್ಕೆ ಕೋತಿಗಳನ್ನು ಕೆತ್ತತೊಡಗಿದ. ವಿಶ್ವವಿದ್ಯಾಲಯದ ಹಿರಿಯರೊಬ್ಬರು ಅದನ್ನು ಕಂಡು, ಸಂಸ್ಥೆಯ ಆಸ್ತಿಯನ್ನು ಹಾಳುಮಾಡುತ್ತಿದ್ದಾನೆಂದು ಸಿಟ್ಟಾದರು. ಕೋತಿಗಳನ್ನು ಬೆಕ್ಕುಗಳನ್ನಾಗಿ ಮಾಡಿದರೂ ಸಮಾಧಾನವಾಗಲಿಲ್ಲ. ಓಶೇಯನ್ನು ಕೆಲಸದಿಂದ ತೆಗೆದರು. ಮರುದಿನ ಆಕ್ಲೆಂಡ್ ಹೋಗಿ ನೋಡಿದರೆ ಓಶೇ ಮುಖಮಂಟಪದ ಏಣಿಯ ಮೇಲೆ ನಿಂತು ಸಿಟ್ಟಿನಿಂದ ಕಲ್ಲು ಬಡಿಯುತ್ತಿದ್ದ. ಏನು ಮಾಡುತ್ತಿದ್ದೀಯಾ ಎಂದರೆ, ಗಿಳಿಗಳು ಮತ್ತು ಗೂಬೆಗಳು, ಮಹಾಸಭೆಯ ಸದಸ್ಯರು ಎಂದು ಉತ್ತರ. ಆಕ್ಲೆಂಡ್ ಅವನನ್ನು ಒಪ್ಪಿಸಿ ಆ ತಲೆಗಳನ್ನು ಹೊಡೆದುಹಾಕಿಸಿದ. ತಲೆಯಿಲ್ಲದ ಆ ಹಕ್ಕಿಗಳ ಗುರುತು ಬಾಗಿಲ ಬಳಿ ಉಳಿದಿದೆ.

ಆಕ್ಸ್‌ಫರ್ಡಿನವರು ಇದನ್ನು ತಮಾಷೆಯ ಕಥೆಯಾಗಿ ಹೇಳುವುದು ವಾಡಿಕೆ. ನನಗೆ ಅದರಲ್ಲಿ ನಗು ಬರುವುದಿಲ್ಲ. ಕೆಲಸಗಾರ ತನ್ನ ಮನಸ್ಸಿನಲ್ಲಿರುವುದನ್ನು ಕೆತ್ತಲಿ ಎಂದು ಕರೆತಂದರು, ಮನಸ್ಸಿನಲ್ಲಿರುವುದು ಹೊರಬಂದಾಗ ಅದು ಬೇಡವೆಂದರು. ಗಿಡ ಕೆತ್ತುವ ಸ್ವಾತಂತ್ರ್ಯ ಇತ್ತು, ಮೇಲಿನವರ ಬಗ್ಗೆ ಅಭಿಪ್ರಾಯ ಕೆತ್ತುವ ಸ್ವಾತಂತ್ರ್ಯ ಇರಲಿಲ್ಲ. ಮಧ್ಯಯುಗದ ಚರ್ಚುಗಳಲ್ಲಿ ಪಾದ್ರಿಯನ್ನು ನರಿಯಾಗಿ ಕೆತ್ತಿದ ಶಿಲ್ಪಿಗಳಿದ್ದರು. ಓಶೇ ಅವರ ನಿಜವಾದ ವಾರಸುದಾರ.

ರಸ್ಕಿನ್‌ಗೂ ಅವರ ಕೆತ್ತನೆಯ ಬಗ್ಗೆ ಪೂರ್ಣ ತೃಪ್ತಿಯಿರಲಿಲ್ಲ. ಹುಟ್ಟು ಪ್ರತಿಭೆಯಿದೆ, ಶಿಕ್ಷಣ ಸಾಲದು ಎಂಬುದು ಅವನ ನಿಲುವು. ಕೈಗೆ ಸ್ವಾತಂತ್ರ್ಯ ಕೊಟ್ಟರೆ ಸಾಲದು, ತಲೆಮಾರುಗಳ ತರಬೇತಿ ಬೇಕು ಎಂದಾದರೆ, ಒಂದು ಕಟ್ಟಡದ ಐದಾರು ವರ್ಷಗಳಲ್ಲಿ ಅದು ಹೇಗೆ ಸಾಧ್ಯ? ಈ ತೊಡಕಿಗೆ ಅವನ ಪುಸ್ತಕದಲ್ಲಿ ಉತ್ತರವಿರಲಿಲ್ಲ.

ಕಬ್ಬಿಣದ ಸಮಸ್ಯೆ

ಅಂಗಳಕ್ಕೆ ಗಾಜಿನ ಸೂರು ಬೇಕಿತ್ತು, ಗಾಜಿಗೆ ಕಬ್ಬಿಣದ ಆಸರೆ ಬೇಕಿತ್ತು. ರಸ್ಕಿನ್ 1849ರಲ್ಲೇ ಬರೆದಿದ್ದ: ಕಬ್ಬಿಣ ಕಲ್ಲನ್ನು ಬಿಗಿಯುವ ಕೆಲಸಕ್ಕೆ ಸರಿ, ಭಾರ ಹೊರುವ ಕೆಲಸಕ್ಕೆ ಸಲ್ಲದು. ಇಲ್ಲಿ ಅದೇ ಭಾರ ಹೊತ್ತು ನಿಲ್ಲಬೇಕಾಗಿತ್ತು. ಕವೆಂಟ್ರಿಯ ಲೋಹಶಿಲ್ಪಿ ಸ್ಕಿಡ್ಮೋರ್ ಬಡಿದ ಕಬ್ಬಿಣದಲ್ಲಿ ಮಾಡಿದ ಮೊದಲ ಚೌಕಟ್ಟು ಸೂರಿನ ಭಾರ ತಾಳಲಿಲ್ಲ. ಅದನ್ನು ಬಿಚ್ಚಿ ಎರಕದ ಕಬ್ಬಿಣದ ಕಂಬಗಳನ್ನು ನಿಲ್ಲಿಸಿದರು, ಬಡಿದ ಕಬ್ಬಿಣದ ಎಲೆ ಹೂಗಳನ್ನು ಮೇಲಿನಿಂದ ಜೋಡಿಸಿದರು. ಖರ್ಚು ಏರಿತು, ಚಂದಾ ಕೊಡುವವರ ಉತ್ಸಾಹ ಇಳಿಯಿತು. ಇಂದು ಅಂಗಳದಲ್ಲಿ ನಿಂತು ಮೇಲೆ ನೋಡುವವರಿಗೆ ಆ ಸೂರು ಬಹಳ ಹಿಡಿಸುತ್ತದೆ. ರಸ್ಕಿನ್‌ಗೆ ಹಿಡಿಸಲಿಲ್ಲ.

ಅದೇ ಹೊತ್ತಿನಲ್ಲಿ, ನಮ್ಮ ಬಗ್ಗೆ

ಭಾರತದ ಓದುಗರಾಗಿ ನಾವು ಇಲ್ಲಿ ನಿಲ್ಲಲೇಬೇಕು. 1858ರ ಜನವರಿಯಲ್ಲಿ, ಆಕ್ಸ್‌ಫರ್ಡಿನಲ್ಲಿ ಕಟ್ಟಡದ ಕೆಲಸ ಸಾಗುತ್ತಿದ್ದಾಗಲೇ, ರಸ್ಕಿನ್ ಲಂಡನ್ನಿನ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂನಲ್ಲಿ ಒಂದು ಭಾಷಣ ಮಾಡಿದ. 1857ರ ದಂಗೆಯ ಸುದ್ದಿಗಳಿಂದ ಇಂಗ್ಲೆಂಡ್ ಕುದಿಯುತ್ತಿದ್ದ ಸಮಯ. ಭಾರತೀಯರ ಬಣ್ಣ ಮತ್ತು ವಿನ್ಯಾಸದ ಚೆಲುವನ್ನು ಅವನು ಒಪ್ಪಿದ. ಆದರೆ ಆ ಕಲೆ ಪ್ರಕೃತಿಯನ್ನು ಎಂದೂ ಇದ್ದಂತೆ ತೋರಿಸುವುದಿಲ್ಲ, ಮನುಷ್ಯನ ಬದಲು ಎಂಟು ತೋಳಿನ ವಿಕಾರವನ್ನೂ ಹೂವಿನ ಬದಲು ಸುರುಳಿಯನ್ನೂ ಬರೆಯುತ್ತದೆ ಎಂದ. ಇಂಥ ಕಲೆಗೂ ಜನಾಂಗದ ಕ್ರೌರ್ಯಕ್ಕೂ ನಂಟು ಕಟ್ಟಿದ. ಅವನ ಬರಹದಲ್ಲಿ ನನ್ನನ್ನು ಅತ್ಯಂತ ನೋಯಿಸುವ ಪುಟಗಳು ಇವು. ನೋಡದ ಕಲೆಯ ಮೇಲೆ, ಸಿಟ್ಟಿನ ಗಳಿಗೆಯಲ್ಲಿ ಕೊಟ್ಟ ತೀರ್ಪು. ವೆನಿಸ್ಸಿನಲ್ಲಿ ಏಣಿ ಹತ್ತಿ ಪ್ರತಿ ಎಲೆಯನ್ನೂ ಪರೀಕ್ಷಿಸಿದ ಮನುಷ್ಯ ಇಲ್ಲಿ ಒಂದು ಕಂಬವನ್ನೂ ಮುಟ್ಟಿರಲಿಲ್ಲ.

ವಿಚಿತ್ರವೆಂದರೆ ಅವನು ಆಕ್ಸ್‌ಫರ್ಡಿನಲ್ಲಿ ಹುಡುಕುತ್ತಿದ್ದುದು ನಮ್ಮಲ್ಲಿ ಸಿದ್ಧವಾಗಿಯೇ ಇತ್ತು. 1856-57ರಲ್ಲೇ ಓಕ್ಲಿ ಎಂಬ ಇಂಗ್ಲಿಷ್ ಸೇನಾಧಿಕಾರಿ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಛಾಯಾಚಿತ್ರ ತೆಗೆದಿದ್ದ. ವಾಸ್ತುಶಿಲ್ಪದ ಇತಿಹಾಸಕಾರ ಜೇಮ್ಸ್ ಫರ್ಗುಸನ್ ಆ ದೇವಾಲಯವನ್ನು ಅಥೆನ್ಸ್‌ನ ಪಾರ್ಥೆನಾನ್ ದೇಗುಲಕ್ಕೆ ಎದುರಾಗಿಟ್ಟು, ಎರಡೂ ತಮ್ಮ ತಮ್ಮ ಬಗೆಯಲ್ಲಿ ಶಿಖರಗಳೆಂದ. ಹಳೇಬೀಡಿನಲ್ಲಿ ಒಂದರಂತೆ ಇನ್ನೊಂದು ಇಲ್ಲ, ಪ್ರತಿ ಸುರುಳಿಯೂ ಬೇರೆ, ಯಾಂತ್ರಿಕ ಕಟ್ಟುಪಾಡನ್ನು ಧಿಕ್ಕರಿಸುವ ಕಲ್ಪನೆಯ ಉಲ್ಲಾಸ ಎಲ್ಲೆಲ್ಲೂ ಇದೆ ಎಂದು ಬರೆದ. ಇದು ಗಾಥಿಕ್ ಬಗ್ಗೆ ರಸ್ಕಿನ್ ಹೇಳಿದ ಮಾತಿನ ಪಡಿಯಚ್ಚು. ಜೊತೆಗೆ ಹೊಯ್ಸಳ ಶಿಲ್ಪಿಗಳು ಅನಾಮಿಕರೂ ಅಲ್ಲ. ಬೇಲೂರಿನಲ್ಲಿ ದಾಸೋಜನ ಹೆಸರಿದೆ, ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರಿದೆ, ಅವರೇ ಕೆತ್ತಿದ ವಿಗ್ರಹಗಳ ಪೀಠದಲ್ಲಿ. ಕೆಲಸಗಾರ ತನ್ನ ಕೆಲಸಕ್ಕೆ ಸಹಿ ಹಾಕಬಲ್ಲ ವ್ಯವಸ್ಥೆಯೊಂದು 12, 13ನೇ ಶತಮಾನದ ಕನ್ನಡ ನಾಡಿನಲ್ಲಿತ್ತು ಎಂದು ರಸ್ಕಿನ್‌ಗೆ ಯಾರಾದರೂ ತೋರಿಸಿದ್ದರೆ ಏನೆನ್ನುತ್ತಿದ್ದನೋ.

ಈ ತಪ್ಪನ್ನು ತಿದ್ದಿದವರಲ್ಲಿ ಅವನ ವಿಚಾರದಿಂದಲೇ ಬೆಳೆದವರಿದ್ದರು. ಕಲಾ ಇತಿಹಾಸಕಾರ ಆನಂದ ಕುಮಾರಸ್ವಾಮಿ ಕುಶಲಕರ್ಮಿಯ ಬದುಕನ್ನು ನೋಡುವ ಕಣ್ಣನ್ನು ರಸ್ಕಿನ್ ಮತ್ತು ವಿಲಿಯಂ ಮಾರಿಸ್ ಅವರಿಂದ ಪಡೆದು, ಅದೇ ಕಣ್ಣಿನಿಂದ ಭಾರತ ಮತ್ತು ಸಿಂಹಳದ ಕಲೆಯನ್ನು ನೋಡಿ, ರಸ್ಕಿನ್‌ಗೆ ಕಾಣದ್ದನ್ನು ಜಗತ್ತಿಗೆ ಕಾಣಿಸಿದರು.

1860: ಎರಡು ಘಟನೆ

ಕಟ್ಟಡ ಪೂರ್ತಿ ಮುಗಿಯುವ ಮೊದಲೇ ಬಳಕೆಗೆ ಬಂತು. 1860ರ ಜೂನ್ 30ರಂದು ಅದರ ಮೇಲಿನ ದೊಡ್ಡ ಕೋಣೆಯಲ್ಲಿ ವಿಜ್ಞಾನಿಗಳ ಸಂಘವಾದ ಬ್ರಿಟಿಷ್ ಅಸೋಸಿಯೇಷನ್ ಸಭೆ ಸೇರಿತು. ಜೀವವಿಕಾಸದ ಬಗ್ಗೆ ಡಾರ್ವಿನ್‌ನ ಪುಸ್ತಕ ಬಂದು ಏಳು ತಿಂಗಳಾಗಿತ್ತು. ಬಿಷಪ್ ವಿಲ್ಬರ್‌ಫೋರ್ಸ್ ಮತ್ತು ಥಾಮಸ್ ಹಕ್ಸ್‌ಲಿ ನಡುವಿನ ಪ್ರಸಿದ್ಧ ವಾಗ್ವಾದ ನಡೆದದ್ದು ಅಲ್ಲೇ. ಯಾರು ಏನು ಹೇಳಿದರು ಎಂಬ ಬಗ್ಗೆ ಕೇಳಿದವರ ವರದಿಗಳು ಒಂದಕ್ಕೊಂದು ತಾಳೆಯಾಗುವುದಿಲ್ಲ. ಸೃಷ್ಟಿಕರ್ತನ ಮಹಿಮೆ ಸಾರಲೆಂದು ಬೈಬಲ್ ಹಣದಿಂದ ಎದ್ದ ಸೂರಿನಡಿ, ಸೃಷ್ಟಿಯ ಕಥೆಯನ್ನೇ ಪ್ರಶ್ನಿಸುವ ವಾದ ಮೊದಲ ಬಾರಿ ಇಷ್ಟು ಬಹಿರಂಗವಾಗಿ ನಡೆಯಿತು. ರಸ್ಕಿನ್‌ನ ಸ್ವಂತ ನಂಬಿಕೆಯೂ ಅಷ್ಟರಲ್ಲಿ ಅಲುಗಾಡಿತ್ತು. 1858ರಲ್ಲಿ ಟ್ಯೂರಿನ್ ನಗರದಲ್ಲಿ ತಾಯಿ ಕಲಿಸಿದ ಕಟ್ಟುನಿಟ್ಟಿನ ಧರ್ಮವನ್ನು ಅವನು ಬಿಟ್ಟಿದ್ದ.

1860ರ ಆಗಸ್ಟ್‌ನಿಂದ ನವೆಂಬರ್‌ವರೆಗೆ 'ಕಾರ್ನ್‌ಹಿಲ್' ಪತ್ರಿಕೆಯಲ್ಲಿ ರಸ್ಕಿನ್ ನಾಲ್ಕು ಲೇಖನ ಬರೆದ. ವಿಷಯ ಕಲೆಯಲ್ಲ, ಕೂಲಿ. ಕೆಲಸಗಾರನ ಸಂಬಳ ಬೇಡಿಕೆ ಪೂರೈಕೆಯ ಮೇಲೆ ಏರಿಳಿಯಬಾರದು, ನಿಶ್ಚಿತವಾಗಿರಬೇಕು. ಜೀವವಲ್ಲದೆ ಬೇರೆ ಸಂಪತ್ತು ಇಲ್ಲ. ಓದುಗರು ಎಷ್ಟು ಕೆರಳಿದರೆಂದರೆ ಸಂಪಾದಕ ಥ್ಯಾಕರೆ ಲೇಖನಮಾಲೆಯನ್ನು ನಾಲ್ಕಕ್ಕೇ ನಿಲ್ಲಿಸಿದ. 1862ರಲ್ಲಿ ಅವು 'ಅಂಟು ದಿಸ್ ಲಾಸ್ಟ್' ಎಂಬ ಪುಸ್ತಕವಾದವು.

ಕಲಾ ವಿಮರ್ಶಕ ಹಠಾತ್ತನೆ ಅರ್ಥಶಾಸ್ತ್ರಕ್ಕೆ ಹಾರಿದ ಎಂದು ಹಲವರು ಬರೆಯುತ್ತಾರೆ. ಮ್ಯೂಸಿಯಂ ಪ್ರಕರಣವನ್ನು ಗಮನಿಸಿದವರಿಗೆ ಅದು ಹಾರುವಿಕೆಯಾಗಿ ಕಾಣುವುದಿಲ್ಲ. ಸುಂದರ ಕಟ್ಟಡಕ್ಕೆ ಸ್ವತಂತ್ರ ಕೆಲಸಗಾರ ಬೇಕು ಎಂದು ಅವನು 1853ರಲ್ಲಿ ಬರೆದಿದ್ದ. ಸ್ವತಂತ್ರ ಕೆಲಸಗಾರ ಬೇಕಾದರೆ ಅವನ ಕೂಲಿ ದಾನಿಗಳ ಮರ್ಜಿಯ ಮೇಲಿರಬಾರದು ಎಂಬುದು ಮುಂದಿನ ಹೆಜ್ಜೆ. ಆಕ್ಸ್‌ಫರ್ಡಿನಲ್ಲಿ ಚಂದಾ ಬತ್ತಿ, ಓಶೇಗಳು ಹೊರಟುಹೋಗಿ, ಬೋದಿಗೆಗಳಲ್ಲಿ ಬಹುಪಾಲು ಕೆತ್ತದೆ ಬರಿಯ ಕಲ್ಲಾಗಿಯೇ ಉಳಿದ ಕಾಲದಲ್ಲೇ ಈ ಲೇಖನಗಳು ಬಂದವು. ರಸ್ಕಿನ್ ತಾನಾಗಿ ಈ ನಂಟನ್ನು ಹೆಸರಿಸಲಿಲ್ಲ. ನಂಟು ಇದೆ ಎನ್ನುವುದು ನನ್ನ ಓದು.

ವುಡ್‌ವರ್ಡ್ 1861ರಲ್ಲಿ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ಷಯದಿಂದ ತೀರಿಕೊಂಡ. ಓಶೇಗಳ ಉಳಿ ಮುಂದೆ ಮ್ಯಾಂಚೆಸ್ಟರಿನ ನ್ಯಾಯಾಲಯ ಕಟ್ಟಡದಲ್ಲಿ ಆಡಿತು. ಎರಡನೇ ಮಹಾಯುದ್ಧದ ಬಾಂಬುಗಳಿಗೆ ಸಿಕ್ಕ ಆ ಕಟ್ಟಡ ಇಂದು ಇಲ್ಲ.

ವಿಚಾರ ಹೋದ ದಾರಿಗಳು

ಮ್ಯೂಸಿಯಂ ಏಳುತ್ತಿದ್ದಾಗ ಆಕ್ಸ್‌ಫರ್ಡಿನ ಎಕ್ಸೆಟರ್ ಕಾಲೇಜಿನಲ್ಲಿ ವಿಲಿಯಂ ಮಾರಿಸ್ ಓದುತ್ತಿದ್ದ. 'ಗಾಥಿಕ್‌ನ ಸ್ವಭಾವ' ಅಧ್ಯಾಯ ಅವನ ಬದುಕಿನ ದಿಕ್ಕನ್ನೇ ತಿರುಗಿಸಿತು. ಮುಂದೆ ಅವನು ಕಟ್ಟಿದ ಕರಕುಶಲ ಚಳವಳಿಗೆ ಅದೇ ಬುನಾದಿ. 1892ರಲ್ಲಿ ತನ್ನ ಕೆಲ್ಮ್‌ಸ್ಕಾಟ್ ಮುದ್ರಣಾಲಯದಲ್ಲಿ ಆ ಒಂದೇ ಅಧ್ಯಾಯವನ್ನು ಕೈಯಚ್ಚಿನ ಪುಸ್ತಕವಾಗಿ ತಂದ.

ಇನ್ನೊಂದು ದಾರಿ ದಕ್ಷಿಣ ಆಫ್ರಿಕಾಕ್ಕೆ. 1904ರಲ್ಲಿ ಜೊಹಾನ್ಸ್‌ಬರ್ಗ್‌ನಿಂದ ಡರ್ಬನ್‌ಗೆ ಹೊರಟ ಗಾಂಧೀಜಿಯವರ ಕೈಗೆ ಗೆಳೆಯ ಹೆನ್ರಿ ಪೋಲಾಕ್ 'ಅಂಟು ದಿಸ್ ಲಾಸ್ಟ್' ಇಟ್ಟರು. ರೈಲಿನಲ್ಲಿ ಕೆಳಗಿಡಲಾಗದೆ ಓದಿದರು. ರಾತ್ರಿ ನಿದ್ದೆ ಬರಲಿಲ್ಲ. ವಕೀಲನ ಕೆಲಸಕ್ಕೂ ಕ್ಷೌರಿಕನ ಕೆಲಸಕ್ಕೂ ಬೆಲೆ ಒಂದೇ ಎಂಬುದು ಅವರು ಅದರಿಂದ ತೆಗೆದುಕೊಂಡ ಪಾಠಗಳಲ್ಲಿ ಒಂದು. ಅದೇ ವರ್ಷ ಫೀನಿಕ್ಸ್ ಆಶ್ರಮ ಶುರುವಾಯಿತು. 1908ರಲ್ಲಿ ಗುಜರಾತಿಯಲ್ಲಿ ಆ ಪುಸ್ತಕದ ಸಾರವನ್ನು 'ಸರ್ವೋದಯ' ಎಂಬ ಹೆಸರಿನಲ್ಲಿ ಬರೆದರು. ನಮ್ಮ ಕಲೆಯನ್ನು ಹೀಗಳೆದ ವ್ಯಕ್ತಿಯ ಪುಸ್ತಕವನ್ನು ನಮ್ಮ ನಾಯಕರು ಬದುಕಿನ ದಾರಿಯಾಗಿ ಸ್ವೀಕರಿಸಿದರು. ಎರಡೂ ನಿಜ, ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವುದು ನ್ಯಾಯವಲ್ಲ.

ಮತ್ತೆ ಅದೇ ಕಟ್ಟಡಕ್ಕೆ

1869ರಲ್ಲಿ ರಸ್ಕಿನ್ ಆಕ್ಸ್‌ಫರ್ಡಿನ ಮೊದಲ ಸ್ಲೇಡ್ ಕಲಾ ಪ್ರಾಧ್ಯಾಪಕನಾಗಿ ಆಯ್ಕೆಯಾದ. 1870ರ ಫೆಬ್ರವರಿ 8ರಂದು, ತನ್ನ ಹುಟ್ಟುಹಬ್ಬದ ದಿನವೇ, ಮೊದಲ ಉಪನ್ಯಾಸ ಗೊತ್ತಾಗಿದ್ದುದು ಇದೇ ಮ್ಯೂಸಿಯಂನ ಸಭಾಂಗಣದಲ್ಲಿ. ಜನ ಹಿಡಿಸದಷ್ಟು ಸೇರಿದ್ದರಿಂದ ಆಕ್ಲೆಂಡ್ ಎಲ್ಲರನ್ನೂ ಷೆಲ್ಡೋನಿಯನ್ ಸಭಾಭವನಕ್ಕೆ ಕರೆದೊಯ್ಯಬೇಕಾಯಿತು.

ಹದಿನೈದು ವರ್ಷಗಳ ನಂತರ ಮ್ಯೂಸಿಯಂ ಸಮೀಪ ಶರೀರಕ್ರಿಯಾ ವಿಜ್ಞಾನದ ಹೊಸ ಪ್ರಯೋಗಾಲಯ ಎದ್ದಿತು. ಪ್ರಾಧ್ಯಾಪಕ ಬರ್ಡನ್ ಸ್ಯಾಂಡರ್ಸನ್ ಜೀವಂತ ಪ್ರಾಣಿಗಳ ಮೇಲೆ ಪ್ರಯೋಗ ಮಾಡುವವನೆಂದು ತಿಳಿದಿದ್ದರಿಂದ ವಿರೋಧ ತೀವ್ರವಾಗಿತ್ತು. 1885ರ ಮಾರ್ಚ್‌ನಲ್ಲಿ ಮಹಾಸಭೆ ಪ್ರಯೋಗಾಲಯಕ್ಕೆ ಅನುದಾನವನ್ನು ದೊಡ್ಡ ಬಹುಮತದಿಂದ ಒಪ್ಪಿತು. ರಸ್ಕಿನ್ ತನ್ನ ಚಿತ್ರಕಲಾ ಶಾಲೆಗೆ ಹಣ ಕೇಳಿದಾಗ ಸಾಲವಿದೆ ಎಂದಿದ್ದ ವಿಶ್ವವಿದ್ಯಾಲಯ ಇದಕ್ಕೆ ಹಣ ಹುಡುಕಿತು. ರಸ್ಕಿನ್ ಅದೇ ತಿಂಗಳು ರಾಜೀನಾಮೆ ಕೊಟ್ಟ. ಅವನ ಮನಸ್ಸಿನ ಆರೋಗ್ಯ ಆಗಲೇ ಹದಗೆಟ್ಟಿತ್ತು, ಆದ್ದರಿಂದ ಬಿಟ್ಟನೆಂದು ಹೇಳಿದವರೂ ಇದ್ದರು. ಕಾರಣ ಪ್ರಾಣಿಹಿಂಸೆಯ ಮತವೇ ಎಂದು ಅವನು ಪತ್ರಿಕೆಯಲ್ಲಿ ಬಹಿರಂಗವಾಗಿ ಬರೆದ. ಆ ಮಾತನ್ನು ನಂಬಲು ನನಗೆ ಅಡ್ಡಿಯಿಲ್ಲ. ಪ್ರಕೃತಿಯನ್ನು ಪ್ರೀತಿಯಿಂದ ನೋಡುವುದನ್ನು ಕಲಿಸಲು ಕಟ್ಟಿದ ಜಾಗದ ನೆರೆಯಲ್ಲೇ ನಾಯಿ ಬೆಕ್ಕುಗಳನ್ನು ಕೊಯ್ಯುವುದನ್ನು ಅವನು ಹೇಗೆ ಸಹಿಸಿಯಾನು? ವೈದ್ಯನಾದ ಆಕ್ಲೆಂಡ್ ಪ್ರಯೋಗಾಲಯದ ಪರ ನಿಂತಿದ್ದ. ಮೂವತ್ತು ವರ್ಷ ಹಿಂದೆ ಒಂದೇ ಆಸೆ ಹೊತ್ತಿದ್ದ ಇಬ್ಬರು ಗೆಳೆಯರು ಈಗ ಎದುರುಬದಿರಾದರು.

ಕೊನೆಯ ವರ್ಷಗಳನ್ನು ರಸ್ಕಿನ್ ಕಾನಿಸ್ಟನ್ ಸರೋವರದ ದಡದ ಬ್ರ್ಯಾಂಟ್‌ವುಡ್ ಮನೆಯಲ್ಲಿ ಬಹುಪಾಲು ಮೌನವಾಗಿ ಕಳೆದ. 1900ರ ಜನವರಿ 20ರಂದು ತೀರಿಕೊಂಡ. ಮ್ಯೂಸಿಯಂನ ಬರಿಯ ಬೋದಿಗೆಗಳಿಗೆ ಕೆತ್ತನೆ ಬಂದದ್ದು ಆಮೇಲೆ, 20ನೇ ಶತಮಾನದ ಮೊದಲ ದಶಕಗಳಲ್ಲಿ, ಬೇರೆ ಕೆತ್ತನೆಗಾರರ ಕೈಯಿಂದ. ಅವೂ ಗಿಡಗಳೇ, ಅಚ್ಚುಕಟ್ಟಾದ ಕೆಲಸವೇ. ಹೊರಗಿನ ಹಲವು ಕಿಟಕಿಗಳ ಸುತ್ತ ಮಾತ್ರ ಇಂದಿಗೂ ಕೆತ್ತನೆಯಿಲ್ಲ. ಓಶೇಗಳು ಮುಗಿಸಿದ ಬೆಕ್ಕಿನ ಕಿಟಕಿಯನ್ನೂ ಪಕ್ಕದ ಬೋಳು ಕಲ್ಲನ್ನೂ ಒಟ್ಟಿಗೆ ನೋಡಿದರೆ ಹಣ ಯಾವ ಜಾಗಕ್ಕೆ ಬಂದು ನಿಂತಿತೆಂದು ಬೆರಳಿಟ್ಟು ತೋರಿಸಬಹುದು.